ದೋಣಿಯ ಕಾವಲು, ಬಂದರಿನ ಹೊಣೆ

ಪ್ರತಿವರ್ಷವೂ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನಗಳ ಕಾಲ, ಪಶ್ಚಿಮ ಕರಾವಳಿಯ ಯಾಂತ್ರಿಕ ದೋಣಿಗಳು ಸಮುದ್ರಕ್ಕಿಳಿಯಬಾರದೆಂಬುದು ಸರ್ಕಾರದ ನಿಯಮ. ಮತ್ಸ್ಯಸಂತತಿಯ ವೃದ್ಧಿಗೆ ಅತ್ಯವಶ್ಯವಾದ ಈ ನಿಯಮವು ಜಾರಿಯಲ್ಲಿರುವಷ್ಟು ಕಾಲವೂ ಕಾರವಾರ, ತದಡಿ, ಹೊನ್ನಾವರ, ಭಟ್ಕಳ, ಗಂಗೊಳ್ಳಿ, ಮಲ್ಪೆ, ಮಂಗಳೂರು ಮೊದಲಾದ ಬಂದರುಗಳಲ್ಲಿಯೂ ಅವುಗಳಿಗೆ ಆಶ್ರಯವಿತ್ತಿರುವ ಅಳಿವೆಗಳಲ್ಲಿಯೂ ಟ್ರಾಲ್ ಬೋಟುಗಳು, ಪರ್ಸೀನ್ ಬೋಟುಗಳು ಒಂದರ ಮಗ್ಗುಲಿಗೊಂದು ಒತ್ತಿಕೊಂಡು ಸಾಲಾಗಿ ನಿಂತಿರುತ್ತವೆ. ದೋಣಿಗಳಲ್ಲಿ ದುಡಿಯುವ ಕಲಾಸಿಗಳು ತಮ್ಮ ತಮ್ಮ ಊರುಗಳಿಗೆ, ಅವರಲ್ಲಿ ಎಷ್ಟೋ ಮಂದಿ ಆಂಧ್ರ, ಒಡಿಶಾ, ಝಾರ್ಖಂಡಗಳಷ್ಟು ದೂರಕ್ಕೆ, ತೆರಳಿರುತ್ತಾರೆ, ದೋಣಿಯನ್ನು ನಡೆಸುವ ತಾಂಡೇಲನು ಮನೆಯಲ್ಲಿರುತ್ತಾನೆ, ಮಾಲೀಕನು ಬಲೆಯ ದುರಸ್ತಿಗೂ ಸಾಲದ ಕಂತಿಗೂ ಹಣ ಹೊಂದಿಸುವ ಚಿಂತೆಯಲ್ಲಿರುತ್ತಾನೆ. ಜಡಿಮಳೆಯ ಅಬ್ಬರದಲ್ಲಿ ಬೇರೆ ಯಾವ ಸದ್ದೂ ಕಿವಿಗೆ ಬೀಳದ ಆ ರಾತ್ರಿಗಳಲ್ಲಿ ಲಕ್ಷಾಂತರ ರೂಪಾಯಿ ಬೆಲೆಬಾಳುವ ಒಂದೊಂದು ದೋಣಿಯ ರಕ್ಷಣೆಗೂ ಇರತಕ್ಕದ್ದು ಬಹುಮಟ್ಟಿಗೆ ಒಂದು ಹಗ್ಗ, ಉಪ್ಪುಗಾಳಿಗೆ ತುಕ್ಕು ಹಿಡಿದ ಒಂದು ಬೀಗ, ಮತ್ತು ದಕ್ಕೆಯ ಯಾವುದೋ ತುದಿಯಲ್ಲಿ ಕುಳಿತ ಒಬ್ಬ ಕಾವಲುಗಾರ. ಈ ಸ್ಥಿತಿಯು ಹೀಗೆಯೇ ಮುಂದುವರಿಯಲಾಗದೆಂದೂ, ಪ್ರತಿಯೊಂದು ಮೀನುಗಾರಿಕಾ ಬಂದರಿನಲ್ಲಿಯೂ ನಿಸ್ತಂತು ಎಚ್ಚರಿಕೆಯ ಒಂದು ಸಾಮೂಹಿಕ ವ್ಯವಸ್ಥೆ ಏರ್ಪಡತಕ್ಕದ್ದೆಂದೂ ನಾನು ದೃಢವಾಗಿ ನಂಬಿದ್ದೇನೆ.

ಹಿಂದಿನ ಕಾಲದಲ್ಲಿ ಈ ಪ್ರಶ್ನೆಯು ಇಷ್ಟು ತೀವ್ರವಾಗಿರಲಿಲ್ಲವೆಂಬುದನ್ನು ಮೊದಲು ನೆನೆಯಬೇಕು. ರಂಪಣಿಯ ಕಾಲದಲ್ಲಿ, ಊರಿನ ಹತ್ತಾರು ಮಂದಿ ಕೂಡಿ ಒಂದೇ ಬಲೆಯನ್ನು ದಡಕ್ಕೆ ಎಳೆಯುತ್ತಿದ್ದ ದಿನಗಳಲ್ಲಿ, ದೋಣಿಯು ರಾತ್ರಿಯ ವೇಳೆ ಮನೆಗಳ ಮುಂದಿನ ಮರಳದಂಡೆಯ ಮೇಲೆಯೇ ಇರುತ್ತಿತ್ತು. ಅದಕ್ಕೆ ಬೀಗವಿರಲಿಲ್ಲ, ಬೀಗದ ಅಗತ್ಯವೂ ಇರಲಿಲ್ಲ. ಕೇರಿಯ ನಾಯಿ, ನಿದ್ದೆ ಬಾರದ ಮುದುಕರು, ಬೆಳಗಿನ ಜಾವಕ್ಕೆ ಏಳುವ ಹೆಂಗಸರು, ಇವರೆಲ್ಲರೂ ಅದಕ್ಕೆ ಕಾವಲಾಗಿದ್ದರು. ಯಾಂತ್ರಿಕ ದೋಣಿಗಳು ಬಂದು, 1970ರ ದಶಕದಲ್ಲಿ ಪರ್ಸೀನ್ ಬಲೆಯೂ ಬಂದು, ರಂಪಣಿಯು ಹಿಂದಾದ ಮೇಲೆ ದೋಣಿಯು ಮನೆಯ ಅಂಗಳವನ್ನು ಬಿಟ್ಟು ಬಂದರಿಗೆ ಹೋಯಿತು. ಆಳವಾದ ನೀರು, ಡೀಸೆಲ್, ಮಂಜುಗಡ್ಡೆ, ಮಾರುಕಟ್ಟೆ ಇವೆಲ್ಲವೂ ದೊರೆಯುವ ಸ್ಥಳಕ್ಕೆ ಅದು ಹೋಗಲೇಬೇಕಾಗಿತ್ತು. ಆದರೆ ಹಾಗೆ ಹೋಗುವಾಗ ಊರಿನ ಕಣ್ಣುಗಳ ಕಾವಲನ್ನು ಅದು ಹಿಂದೆಯೇ ಬಿಟ್ಟುಹೋಯಿತು. ಆ ನಷ್ಟವನ್ನು ತುಂಬಿಕೊಡತಕ್ಕ ಏರ್ಪಾಡನ್ನು ನಾವು ಇನ್ನೂ ಮಾಡಿಕೊಂಡಿಲ್ಲ.

ದೋಣಿಯ ಕಳವೆಂದರೆ ಇಡೀ ದೋಣಿಯನ್ನೇ ಬಿಚ್ಚಿಕೊಂಡು ಹೋಗುವುದೆಂದು ಸಾಮಾನ್ಯ ಓದುಗರು ಭಾವಿಸಬಹುದು. ಅದು ಆಗದ ಮಾತೇನಲ್ಲ. ಆದರೆ ಹೆಚ್ಚಾಗಿ ಕಳ್ಳನಿಗೆ ಬೇಕಾಗಿರುವುದು ದೋಣಿಯ ಅಂಗಾಂಗಗಳು. ಬ್ಯಾಟರಿ, ಜಿಪಿಎಸ್, ಮೀನಿನ ಹಿಂಡನ್ನು ತೋರಿಸುವ ಫಿಶ್‌ಫೈಂಡರ್, ವಯರ್‌ಲೆಸ್ ಸೆಟ್ಟು, ಟ್ಯಾಂಕಿನ ಡೀಸೆಲ್, ಕಂಚಿನ ಪ್ರೊಪೆಲ್ಲರ್, ಲಂಗರು, ಬಲೆ, ಬಲೆಗೆ ಕಟ್ಟಿದ ಸೀಸದ ಗುಂಡುಗಳು, ಇವೆಲ್ಲವೂ ಗುಜರಿಯಲ್ಲಿಯೋ ಬೇರೊಂದು ಬಂದರಿನಲ್ಲಿಯೋ ಸುಲಭವಾಗಿ ಹಣವಾಗಿ ಪರಿಣಮಿಸುವ ಪದಾರ್ಥಗಳು. ಕಳ್ಳನು ನೀರಿನ ಕಡೆಯಿಂದ ಬಂದರೆ ಹೆಜ್ಜೆಯ ಗುರುತು ಉಳಿಯುವುದಿಲ್ಲ. ಕದ್ದ ವಸ್ತುವು ಬೆಳಗಾಗುವುದರೊಳಗಾಗಿ ಉತ್ತರಕ್ಕೆ ಗೋವೆಯನ್ನೋ ದಕ್ಷಿಣಕ್ಕೆ ಕೇರಳವನ್ನೋ ಸೇರಿರಬಹುದು. ನಿಷೇಧದ ಅವಧಿ ಮುಗಿದು ಮಾಲೀಕನು ದೋಣಿಯನ್ನು ನೀರಿಗಿಳಿಸುವ ಸಿದ್ಧತೆಗೆ ಬಂದಾಗಲೇ ಕಳವಾದದ್ದು ಬೆಳಕಿಗೆ ಬರುವುದಾದರೆ, ಅದು ಯಾವ ದಿನ ನಡೆಯಿತೆಂದು ಪೊಲೀಸರಿಗೆ ಹೇಳಲೂ ಅವನಿಗೆ ಸಾಧ್ಯವಾಗುವುದಿಲ್ಲ.

ಯಾಂತ್ರಿಕ ದೋಣಿಯ ಮಾಲೀಕನಿಗೆ ಇದು ನಷ್ಟವಾದರೆ ನಾಡದೋಣಿಯವನಿಗೆ ಸರ್ವನಾಶ. ನಮ್ಮ ರಾಜ್ಯದಲ್ಲಿ 10 ಅಶ್ವಶಕ್ತಿಯವರೆಗಿನ ಎಂಜಿನ್ ಅಳವಡಿಸಿದ ಸಾಂಪ್ರದಾಯಿಕ ದೋಣಿಗಳಿಗೆ ಮಳೆಗಾಲದ ನಿಷೇಧವು ಅನ್ವಯಿಸುವುದಿಲ್ಲ; ದೊಡ್ಡ ದೋಣಿಗಳು ದಡದಲ್ಲಿರುವ ಆ ಎರಡು ತಿಂಗಳೇ ನಾಡದೋಣಿಯವರ ಸುಗ್ಗಿ. ಅವರ ಬಂಡವಾಳವೆಲ್ಲವೂ 40 ಕಿಲೋಗ್ರಾಮಿನ ಆಸುಪಾಸಿನ, ಲಕ್ಷ ರೂಪಾಯಿಗೂ ಮೀರಿದ ಬೆಲೆಯ ಒಂದು ಔಟ್‌ಬೋರ್ಡ್ ಎಂಜಿನ್ನಿನಲ್ಲಿ ಅಡಗಿರುತ್ತದೆ. ಆ ಎಂಜಿನ್ನಾದರೋ ದೋಣಿಯ ಹಿಂಬದಿಯ ಹಲಗೆಗೆ ಎರಡು ತಿರುಪುಗಳಿಂದ ಬಿಗಿಯಲ್ಪಟ್ಟಿರುತ್ತದೆ. ಇಬ್ಬರು ಬಲಶಾಲಿಗಳಿಗೆ ಅದನ್ನು ಕಳಚಿ ಹೊತ್ತೊಯ್ಯುವುದು ಕೆಲವೇ ನಿಮಿಷಗಳ ಕೆಲಸ. ಬಂದ ಮೀನಿನಲ್ಲಿ ಇಷ್ಟು ಪಾಲು ದೋಣಿಗೆ, ಇಷ್ಟು ಬಲೆಗೆ, ಇಷ್ಟು ದುಡಿದವರಿಗೆ ಎಂದು ಹಂಚಿಕೊಂಡು ಬದುಕುವ ಈ ಜನರಲ್ಲಿ ಒಂದು ಎಂಜಿನ್ ಕಳವಾದರೆ ಒಲೆಯಾರುವುದು ಒಂದೇ ಮನೆಯಲ್ಲಲ್ಲ.

ಶಾಸನವು ಈ ಅಪರಾಧವನ್ನು ಲಘುವಾಗಿ ಕಂಡಿಲ್ಲವೆಂಬುದು ಗಮನಾರ್ಹ. 1860ರ ಭಾರತೀಯ ದಂಡಸಂಹಿತೆಯ 380ನೆಯ ಕಲಮು ಮನುಷ್ಯರ ವಾಸಕ್ಕೋ ಸೊತ್ತಿನ ರಕ್ಷಣೆಗೋ ಬಳಸುವ ಕಟ್ಟಡ, ಡೇರೆ, ನೌಕೆ ಈ ಮೂರನ್ನೂ ಒಂದೇ ಸಾಲಿನಲ್ಲಿರಿಸಿ, ಅವುಗಳೊಳಗೆ ನಡೆಯುವ ಕಳವಿಗೆ ಏಳು ವರ್ಷಗಳವರೆಗಿನ ಸೆರೆಮನೆವಾಸವನ್ನು ವಿಧಿಸಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 305ನೆಯ ಕಲಮೂ ಅದೇ ತತ್ತ್ವವನ್ನು ಉಳಿಸಿಕೊಂಡಿದೆ. ಮನೆಗೆ ಸಲ್ಲುವ ಗೌರವವನ್ನು ಶಾಸನವು ದೋಣಿಗೂ ಸಲ್ಲಿಸಿದೆ. ಮನೆಗೆ ಸಲ್ಲುವ ಕಾವಲನ್ನು ದೋಣಿಗೆ ಸಲ್ಲಿಸುವ ಕಾರ್ಯ ಮಾತ್ರ ನಮ್ಮ ಪಾಲಿಗೆ ಉಳಿದಿದೆ.

ಇದು ಕೇವಲ ಮೀನುಗಾರರ ಹೊಟ್ಟೆಯ ಪ್ರಶ್ನೆಯೂ ಅಲ್ಲ. 2008ರ ನವೆಂಬರಿನಲ್ಲಿ ಮುಂಬಯಿಯ ಮೇಲೆ ದಾಳಿ ನಡೆಸಿ 166 ಮಂದಿಯ ಪ್ರಾಣಹರಣ ಮಾಡಿದ ಹತ್ತು ಮಂದಿ ಹಂತಕರು ನಮ್ಮ ತೀರದ ಸಮೀಪಕ್ಕೆ ಬಂದದ್ದು ಪೋರಬಂದರಿನ ‘ಕುಬೇರ’ ಎಂಬ ಮೀನುಗಾರಿಕಾ ದೋಣಿಯನ್ನು ಸಮುದ್ರಮಧ್ಯದಲ್ಲಿ ಅಪಹರಿಸಿ. ಅಲ್ಲಿಂದ ದಡಕ್ಕೆ ಬಂದದ್ದು ಔಟ್‌ಬೋರ್ಡ್ ಎಂಜಿನ್ ಜೋಡಿಸಿದ ಒಂದು ರಬ್ಬರ್ ದೋಣಿಯಲ್ಲಿ. ಅಳಿಸಿಹಾಕಲು ಯತ್ನಿಸಿದ್ದ ಆ ಎಂಜಿನ್ನಿನ ಸಂಖ್ಯೆಯನ್ನು ಮತ್ತೆ ಓದಿ ತೆಗೆದದ್ದು ತನಿಖೆಗೆ ಬಹುಮುಖ್ಯವಾದ ಸುಳಿವಾಯಿತು. ನಡುಗಡಲಿನಲ್ಲಿ ಶಸ್ತ್ರಬಲದಿಂದ ನಡೆದ ಅಪಹರಣವನ್ನು ಬಂದರಿನ ಗಂಟೆಯೊಂದು ತಡೆಯುತ್ತಿತ್ತೆಂದು ನಾನು ಹೇಳುವುದಿಲ್ಲ. ಆದರೆ ನಮ್ಮದೇ ನೋಂದಣಿ ಸಂಖ್ಯೆ, ನಮ್ಮದೇ ಬಣ್ಣ ಹೊತ್ತ ದೋಣಿಯು ಪರರ ಕೈಸೇರಿದರೆ ಅದು ಎಂತಹ ಆಯುಧವಾಗಬಲ್ಲುದೆಂಬುದಕ್ಕೆ ಇದಕ್ಕಿಂತ ದಾರುಣವಾದ ನಿದರ್ಶನ ಬೇಕಿಲ್ಲ. ಮೂರು ಜಿಲ್ಲೆಗಳ ಉದ್ದಕ್ಕೂ 300 ಕಿಲೋಮೀಟರಿಗೂ ಮಿಗಿಲಾಗಿ ಚಾಚಿಕೊಂಡಿರುವ ನಮ್ಮ ಕರಾವಳಿಯಲ್ಲಿ ಯಾವ ದೋಣಿ ಯಾವ ರಾತ್ರಿ ಯಾರ ಅನುಮತಿಯಿಲ್ಲದೆ ಕಟ್ಟು ಬಿಚ್ಚಿತೆಂಬುದು ಆ ರಾತ್ರಿಯೇ ತಿಳಿಯುವುದು ದೇಶರಕ್ಷಣೆಯ ದೃಷ್ಟಿಯಿಂದಲೂ ಅವಶ್ಯ.

ಇನ್ನು ಉಪಾಯದ ವಿಚಾರ. ಆಚಾರ್ಯ ಜಗದೀಶಚಂದ್ರ ಬೋಸರು 19ನೆಯ ಶತಮಾನದ ಕೊನೆಯ ದಶಕದಲ್ಲಿ ಕಲ್ಕತ್ತೆಯ ಸಭೆಯ ಮುಂದೆ ವಿದ್ಯುತ್ಕಾಂತ ತರಂಗಗಳನ್ನು ಹಾಯಿಸಿ, ನಡುವೆ ಯಾವ ತಂತಿಯೂ ಇಲ್ಲದೆ, ದೂರದಲ್ಲಿದ್ದ ಗಂಟೆಯೊಂದನ್ನು ಬಾರಿಸಿ ತೋರಿಸಿದರು. ಇಂದಿನ ನಿಸ್ತಂತು ಎಚ್ಚರಿಕೆಯ ಯಂತ್ರವು ಮೂಲತಃ ಮಾಡುವುದು ಇಷ್ಟನ್ನೇ. ದೋಣಿಯ ಕ್ಯಾಬಿನ್ನಿನ ಬಾಗಿಲಿಗೆ ಒಂದು ಅಯಸ್ಕಾಂತವನ್ನೂ ಚೌಕಟ್ಟಿಗೆ ಒಂದು ಪುಟ್ಟ ಸ್ವಿಚ್ಚನ್ನೂ ಜೋಡಿಸಿದರೆ, ಬಾಗಿಲು ತೆರೆದೊಡನೆ ಅವೆರಡರ ಸಂಬಂಧವು ಕಡಿದು ಸಂದೇಶ ಹೊರಡುತ್ತದೆ. ಎಂಜಿನ್ನಿನ ಹಿಡಿಕೆಯ ಮೂಲಕ ಹಾಯಿಸಿದ ಸಣ್ಣ ಕೇಬಲ್ಲೊಂದನ್ನು ಕತ್ತರಿಸಿದರೂ ಕಳಚಿದರೂ ಅದೇ ಪರಿಣಾಮ. ಈ ಸಂದೇಶವನ್ನು ಕ್ಯಾಬಿನ್ನಿನೊಳಗಿನ ಮುಖ್ಯ ಪೆಟ್ಟಿಗೆಯು ಗ್ರಹಿಸಿ, ಸೈರನ್ನನ್ನು ಕೂಗಿಸಿ, ದೀಪವನ್ನು ಬೆಳಗಿಸಿ, ಸಿಮ್ ಕಾರ್ಡಿನ ಮೂಲಕ ಮಾಲೀಕನ ಮೊಬೈಲಿಗೂ ದೂರದ ಕಾವಲು ಕಚೇರಿಗೂ ಸುದ್ದಿ ಮುಟ್ಟಿಸುತ್ತದೆ. ದೋಣಿಯು ಗೊತ್ತುಪಡಿಸಿದ ವರ್ತುಲವನ್ನು ದಾಟಿದರೆ ಅದರ ಚಲನೆಯನ್ನು ಜಿಪಿಎಸ್ ಕ್ಷಣಕ್ಷಣಕ್ಕೂ ತಿಳಿಸುತ್ತಿರುತ್ತದೆ.

ಮನೆಗೂ ಅಂಗಡಿಗೂ ಮಾಡಿದ ಯಂತ್ರವನ್ನು ಹಾಗೆಯೇ ತಂದು ದೋಣಿಗೆ ಜೋಡಿಸಿದರೆ ಮಾತ್ರ ಅದು ಪ್ರಯೋಜನಕ್ಕೆ ಬಾರದು. ಮನೆಯು ನಿಂತಲ್ಲಿಯೇ ನಿಂತಿರುತ್ತದೆ. ದೋಣಿಯು ಕಟ್ಟಿದಲ್ಲಿಯೂ ತೂಗಾಡುತ್ತಿರುತ್ತದೆ. ಆದುದರಿಂದ ಅಲುಗಾಟವನ್ನು ಗುರುತಿಸುವ ಸಾಧನವು ಪ್ರತಿಯೊಂದು ಅಲೆಗೂ ಕೂಗಿಕೊಂಡು, ಒಂದೇ ವಾರದಲ್ಲಿ ಎಲ್ಲರ ವಿಶ್ವಾಸವನ್ನೂ ಕಳೆದುಕೊಳ್ಳುತ್ತದೆ. ತೆರೆದ ಅಟ್ಟದ ಮೇಲೆ ದೇಹದ ಶಾಖವನ್ನು ಗುರುತಿಸುವ ಸಾಧನವೂ ಬಿಸಿಲಿಗೆ, ಹಕ್ಕಿಗೆ, ನಾಯಿಗೆ ಮೋಸಹೋಗುತ್ತದೆ. ಬಾಗಿಲಿನ ಸ್ವಿಚ್ಚು ಮತ್ತು ಎಂಜಿನ್ನಿನ ಕೇಬಲ್ಲು ಇವೆರಡೇ ದೋಣಿಗೆ ಅತ್ಯಂತ ಪ್ರಾಮಾಣಿಕರಾದ ಕಾವಲುಗಾರರು. ತಂತಿಯ ವ್ಯವಸ್ಥೆಗಿಂತ ನಿಸ್ತಂತು ವ್ಯವಸ್ಥೆಯು ಇಲ್ಲಿ ಮೇಲೆನ್ನುವುದಕ್ಕೆ ಕಾರಣಗಳು ಸ್ಪಷ್ಟವಾಗಿವೆ: ತಾಮ್ರದ ತಂತಿಯ ಬೆಸುಗೆಗಳು ಉಪ್ಪುನೀರಿನ ಸಂಗದಲ್ಲಿ ಕಿಲುಬುಗಟ್ಟಿ ಹಾಳಾಗುತ್ತವೆ, ತಂತಿ ಎಳೆಯಲೆಂದು ಕೊರೆದ ಪ್ರತಿಯೊಂದು ರಂಧ್ರವೂ ಮಳೆನೀರಿಗೆ ದಾರಿಯಾಗುತ್ತದೆ, ಕಣ್ಣಿಗೆ ಕಾಣುವ ತಂತಿಯನ್ನು ಕಳ್ಳನು ಮೊದಲೇ ಕತ್ತರಿಸುತ್ತಾನೆ.

ಆದರೂ ಈ ಯಂತ್ರದ ದೌರ್ಬಲ್ಯಗಳನ್ನು ಮರೆಮಾಚುವುದು ಓದುಗರಿಗೆ ಮಾಡುವ ಅನ್ಯಾಯವಾದೀತು. ಕಳ್ಳನು ಮೊದಲು ಕದಿಯುವುದು ಬ್ಯಾಟರಿಯನ್ನಾದುದರಿಂದ, ಎಚ್ಚರಿಕೆಯ ಪೆಟ್ಟಿಗೆಯು ದೋಣಿಯ ಬ್ಯಾಟರಿಯನ್ನೇ ಆಶ್ರಯಿಸಿದ್ದರೆ ಅದರೊಡನೆಯೇ ಮೂಕವಾಗುತ್ತದೆ; ಅದಕ್ಕೆ ತನ್ನದೇ ಆದ ಪ್ರತ್ಯೇಕ ಬ್ಯಾಟರಿ ಇರಲೇಬೇಕು. ಉಕ್ಕಿನ ದೋಣಿಯ ಕ್ಯಾಬಿನ್ನಿನೊಳಗಿಂದ ತರಂಗಗಳು ಸುಲಭವಾಗಿ ಹೊರಬೀಳವಾದ್ದರಿಂದ ಆಂಟೆನಾ ಹೊರಗಿರಬೇಕು. ನೀರೂ ಧೂಳೂ ಹೊಗದಂತೆ ಮುಚ್ಚಿದ ಪೆಟ್ಟಿಗೆಯಲ್ಲದೆ ಬೇರೆ ಯಾವುದೂ ನಮ್ಮ ಮುಂಗಾರಿಗೆ ತಡೆಯದು. ಎಲ್ಲಕ್ಕಿಂತ ಮುಖ್ಯವಾದುದೆಂದರೆ, ಪೆಟ್ಟಿಗೆಯು ಅಪಾಯ ಬಂದಾಗ ಮಾತ್ರವೇ ಮಾತಾಡುವಂಥದ್ದಾಗಿರಬಾರದು. ನಿಯಮಿತ ಅವಧಿಗೊಮ್ಮೆ ‘ಕ್ಷೇಮ’ವೆಂದು ಹೇಳುತ್ತಿರುವ, ಹಾಗೆ ಹೇಳುವುದನ್ನು ನಿಲ್ಲಿಸಿದರೆ ಆ ಮೌನವನ್ನೇ ಅಪಾಯವೆಂದು ಕಚೇರಿಯು ಪರಿಗಣಿಸುವ ವ್ಯವಸ್ಥೆಯೇ ನಂಬಲರ್ಹವಾದುದು, ಏಕೆಂದರೆ ಜಾಣ ಕಳ್ಳನು ಮೊದಲು ಮುರಿಯುವುದು ಬೀಗವನ್ನಲ್ಲ, ಪೆಟ್ಟಿಗೆಯನ್ನು.

ಹೀಗೆ ಅಳವಡಿಸಿದ ಪೆಟ್ಟಿಗೆಯು ಕಳ್ಳನನ್ನು ಮಾತ್ರವೇ ಹಿಡಿದುಕೊಡುವುದೆಂದೂ ಭಾವಿಸಬೇಕಾಗಿಲ್ಲ. ದೋಣಿಯ ತಳದಲ್ಲಿ ನೀರು ಏರಿದೊಡನೆ ತೇಲಿ ಮೇಲೆದ್ದು ಸಂದೇಶ ಕಳುಹಿಸುವ ಸ್ವಿಚ್ಚೊಂದನ್ನು ಅದೇ ಪೆಟ್ಟಿಗೆಗೆ ಸೇರಿಸಿದರೆ, ಮಳೆಗಾಲದಲ್ಲಿ ನಿಂತಲ್ಲಿಯೇ ಮುಳುಗುವ ದೋಣಿಗಳನ್ನು ಉಳಿಸಿಕೊಳ್ಳಬಹುದು. ಹೊಗೆಯನ್ನು ಗುರುತಿಸುವ ಸಾಧನವನ್ನು ಸೇರಿಸಿದರೆ ಬೆಂಕಿಯ ಸುದ್ದಿಯೂ ಮೊದಲೇ ಮುಟ್ಟುತ್ತದೆ. 2023ರ ನವೆಂಬರಿನಲ್ಲಿ ಗಂಗೊಳ್ಳಿಯಲ್ಲಿ ನಿಲ್ಲಿಸಿದ್ದ ಹಲವು ದೋಣಿಗಳು ಒಂದೇ ಅಗ್ನಿದುರಂತಕ್ಕೆ ಆಹುತಿಯಾದುದನ್ನು ಕರಾವಳಿಯ ಜನರು ಮರೆತಿಲ್ಲ. ಪರಸ್ಪರ ಒತ್ತಿಕೊಂಡು ನಿಂತ ದೋಣಿಗಳಲ್ಲಿ ಒಂದಕ್ಕೆ ತಗುಲಿದ ಬೆಂಕಿ ಎಲ್ಲಕ್ಕೂ ತಗುಲಿದಂತೆಯೇ ಸರಿ. ಆ ಕಾರಣದಿಂದಲೇ ಒಂದು ದೋಣಿಯ ರಕ್ಷಣೆಯು ಅದರ ಮಾಲೀಕನೊಬ್ಬನ ಖಾಸಗಿ ವಿಷಯವಾಗಿ ಉಳಿಯಲಾರದು.

ಉಪಗ್ರಹದ ಟ್ರಾನ್ಸ್‌ಪಾಂಡರುಗಳು ಬರುತ್ತಿರುವಾಗ ಇದೇಕೆ ಎಂದು ಕೆಲವರು ಕೇಳಬಹುದು. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಏಳು ಮಂದಿಯನ್ನು ಹೊತ್ತು ಹೊರಟ ‘ಸುವರ್ಣ ತ್ರಿಭುಜ’ ದೋಣಿಯು ಕಣ್ಮರೆಯಾಗಿ, ಮಹಾರಾಷ್ಟ್ರದ ಮಾಲ್ವಣದ ಬಳಿ ಅದರ ಅವಶೇಷವು 2019ರ ಮೇ ತಿಂಗಳಿನಲ್ಲಿ ಪತ್ತೆಯಾಗುವವರೆಗೆ ಆ ಏಳು ಕುಟುಂಬಗಳು ಅನುಭವಿಸಿದ ಯಾತನೆಯನ್ನು ಬಲ್ಲವರು ಯಾರೂ ಟ್ರಾನ್ಸ್‌ಪಾಂಡರಿನ ಅಗತ್ಯವನ್ನು ಅಲ್ಲಗಳೆಯಲಾರರು. ಒಂದು ಲಕ್ಷ ಮೀನುಗಾರಿಕಾ ದೋಣಿಗಳಿಗೆ ಟ್ರಾನ್ಸ್‌ಪಾಂಡರ್ ಅಳವಡಿಸುವ, ಸುಮಾರು 360 ಕೋಟಿ ರೂಪಾಯಿ ವೆಚ್ಚದ ಯೋಜನೆಗೆ ಕೇಂದ್ರ ಸರ್ಕಾರವು 2024ರ ಆಗಸ್ಟಿನಲ್ಲಿ ಚಾಲನೆ ನೀಡಿರುವುದು ಸ್ವಾಗತಾರ್ಹವಾದ ಸಂಗತಿ. ಆದರೆ ಆ ಸಾಧನದ ಧರ್ಮವೇ ಬೇರೆ. ಕಡಲಿನಲ್ಲಿರುವ ದೋಣಿ ಎಲ್ಲಿದೆಯೆಂಬುದನ್ನು ಅದು ಹೇಳುತ್ತದೆ. ಬಂದರಿನಲ್ಲಿ ನಿಂತ ದೋಣಿಯ ಬಾಗಿಲನ್ನು ಯಾರೋ ಒಡೆಯುತ್ತಿರುವುದನ್ನು ಅದು ಅರಿಯದು. ಇವೆರಡು ಕಾವಲುಗಳೂ ಪರಸ್ಪರ ಪೂರಕವೇ ಹೊರತು ಒಂದು ಇನ್ನೊಂದರ ಸ್ಥಾನವನ್ನು ತುಂಬಲಾರದು.

ಇಷ್ಟೆಲ್ಲವನ್ನೂ ಹೇಳಿದ ಮೇಲೆ ವಿಷಯದ ತಿರುಳಿಗೆ ಬರುತ್ತೇನೆ. ಎಚ್ಚರಿಕೆಯ ಯಂತ್ರವು ಕೂಗಬಲ್ಲುದು, ಓಡಿಬರಲಾರದು. ನಡುರಾತ್ರಿಯಲ್ಲಿ ಹೆಜಮಾಡಿಯ ಮನೆಯಲ್ಲಿ ಮಲಗಿರುವ ಮಾಲೀಕನೊಬ್ಬನ ಮೊಬೈಲು ಮೊಳಗಿದರೆ ಅವನು ಎದ್ದು, ಮಳೆಯಲ್ಲಿ ಹೊರಟು, ಮಲ್ಪೆಯ ದಕ್ಕೆಯನ್ನು ತಲುಪುವ ಹೊತ್ತಿಗೆ ಕಳ್ಳನ ಕೆಲಸವು ಮುಗಿದಿರುತ್ತದೆ. ಸಾಲಿನಲ್ಲಿ ನಿಂತ ನೂರು ದೋಣಿಗಳಲ್ಲಿ ಹತ್ತಕ್ಕೆ ಮಾತ್ರ ಯಂತ್ರವಿದ್ದರೆ ಕಳ್ಳನು ಉಳಿದ ತೊಂಬತ್ತರ ಕಡೆಗೆ ತಿರುಗುತ್ತಾನೆ. ಹಣವಂತನು ಕೊಂಡ ಗಂಟೆಯು ಬಡವನ ದೋಣಿಯತ್ತ ಕಳ್ಳನನ್ನು ಅಟ್ಟಿದಂತಾಗುತ್ತದೆ. ಆದುದರಿಂದ ಈ ವ್ಯವಸ್ಥೆಯು ಬಿಡಿಬಿಡಿಯಾಗಿ ಮಾಲೀಕರ ಕೈಯಲ್ಲಿರದೆ ಬಂದರಿನ ಸಮಸ್ತರ ಕೈಯಲ್ಲಿರಬೇಕು. ಊರಿನ ಕಣ್ಣುಗಳು ಮಾಡುತ್ತಿದ್ದ ಕೆಲಸವನ್ನು ಮತ್ತೆ ಊರಿಗೇ ಒಪ್ಪಿಸಿದರೆ ಮಾತ್ರ ಅದು ನೆರವೇರೀತು.

ಅದನ್ನು ಹೇಗೆ ಮಾಡಬಹುದು? ಪ್ರತಿಯೊಂದು ಬಂದರಿನ ಮೀನುಗಾರರ ಸಹಕಾರಿ ಸಂಘವು ದಕ್ಕೆಯ ಮೇಲೆ ಎತ್ತರವಾದ ಒಂದು ಕಂಬವನ್ನು ನೆಟ್ಟು, ಅದರ ಮೇಲೆ ಸಾಮೂಹಿಕ ಗ್ರಾಹಕಯಂತ್ರವನ್ನಿರಿಸಲಿ. 865ರಿಂದ 867 ಮೆಗಾಹರ್ಟ್ಸ್‌ವರೆಗಿನ ತರಂಗಪಟ್ಟಿಯನ್ನು ಸರ್ಕಾರವು 2005ರಲ್ಲಿಯೇ ಅಲ್ಪಶಕ್ತಿಯ ಸಾಧನಗಳಿಗಾಗಿ ಪರವಾನಗಿಯ ಅಗತ್ಯವಿಲ್ಲದಂತೆ ತೆರೆದಿಟ್ಟಿದೆ. ಈ ಪಟ್ಟಿಯಲ್ಲಿ ಕೆಲಸಮಾಡುವ ಲೋರಾ ಎಂಬ ಪದ್ಧತಿಯ ಪುಟ್ಟ ಪೆಟ್ಟಿಗೆಗಳು ಅತ್ಯಲ್ಪ ವಿದ್ಯುತ್ತಿನಿಂದ ಹಲವು ಕಿಲೋಮೀಟರುಗಳವರೆಗೆ ಸಂದೇಶ ಮುಟ್ಟಿಸಬಲ್ಲವು. ದೋಣಿಗೊಂದು ಸಿಮ್ ಕಾರ್ಡು, ತಿಂಗಳಿಗೊಂದು ಬಾಡಿಗೆ ಎಂಬ ಹೊರೆಯೂ ಇಲ್ಲ. ಗ್ರಾಹಕಯಂತ್ರದ ಮುಂದೆ ಸರದಿಯ ಮೇಲೆ ಇಬ್ಬರು ಕಾವಲುಗಾರರಿರಲಿ, ಅವರ ಕೈಗೆ ಒಂದು ಸಣ್ಣ ದೋಣಿಯೂ ಪ್ರಖರವಾದ ಒಂದು ದೀಪವೂ ಇರಲಿ. ಯಂತ್ರ ಬಂದರೆ ಕಾವಲುಗಾರನ ಅನ್ನ ಹೋಗುವುದೆಂಬ ಭಯವು ನಿರಾಧಾರವಾದುದು. ನೂರು ದೋಣಿಗಳ ಸಾಲಿನಲ್ಲಿ ಕತ್ತಲೆಯಲ್ಲಿ ತಡಕಾಡುತ್ತಿದ್ದವನಿಗೆ ಯಾವ ದೋಣಿಯ ಕಡೆಗೆ ಧಾವಿಸಬೇಕೆಂಬುದನ್ನು ಅದು ತಿಳಿಸುತ್ತದೆಯಷ್ಟೆ. ಕರಾವಳಿ ಕಾವಲು ಪೊಲೀಸರ 1093 ಎಂಬ ಸಹಾಯವಾಣಿಗೆ ಆ ಕಾವಲಿನ ಸ್ಥಳದಿಂದಲೇ ಕರೆ ಹೋಗತಕ್ಕ ಕ್ರಮವಿರಲಿ.

ಮೀನುಗಾರಿಕಾ ಇಲಾಖೆಯು ವಹಿಸಬೇಕಾದ ಪಾತ್ರವೂ ಹಿರಿದಾದುದು. ದೋಣಿಗೆ, ಎಂಜಿನ್ನಿಗೆ, ಡೀಸೆಲಿಗೆ, ಸೀಮೆಎಣ್ಣೆಗೆ ನೆರವು ನೀಡುವ ಸರ್ಕಾರವು ಅವುಗಳ ಕಾವಲಿಗೂ ನೆರವು ನೀಡುವುದು ನ್ಯಾಯಸಮ್ಮತ. ಕಾವಲಿಲ್ಲದ ಸೊತ್ತಿಗೆ ಕೊಟ್ಟ ಸಹಾಯಧನವು ಕಳ್ಳನ ಪಾಲಾಗುವುದನ್ನು ಯಾವ ಲೆಕ್ಕಪರಿಶೋಧಕನೂ ಮೆಚ್ಚಲಾರ. ವಾರ್ಷಿಕ ತಪಾಸಣೆಯ ಕಾಲದಲ್ಲಿ ಪ್ರತಿಯೊಂದು ಎಂಜಿನ್ನಿನ ಸಂಖ್ಯೆಯನ್ನೂ ಪರಿಶೀಲಿಸಿ, ದಾಖಲೆ ಮಾಡಿ, ಆ ದಾಖಲೆಯನ್ನು ನೆರೆರಾಜ್ಯಗಳ ಇಲಾಖೆಗಳೊಡನೆ ಹಂಚಿಕೊಂಡರೆ ಕದ್ದ ಎಂಜಿನ್ನಿಗೆ ಗಿರಾಕಿ ಸಿಗುವುದೇ ದುಸ್ತರವಾದೀತು. ವಿಮಾ ಸಂಸ್ಥೆಗಳು ಇಂತಹ ವ್ಯವಸ್ಥೆಗೆ ಸೇರಿದ ದೋಣಿಗಳ ವಿಮಾಕಂತಿನಲ್ಲಿ ರಿಯಾಯಿತಿ ನೀಡಬೇಕು. ಸುರತ್ಕಲ್ಲಿನ ರಾಷ್ಟ್ರೀಯ ತಾಂತ್ರಿಕ ವಿದ್ಯಾಲಯವು ಅರಬ್ಬೀ ಸಮುದ್ರದ ದಂಡೆಯ ಮೇಲೆಯೇ ನಿಂತಿದೆ. 1969ರಲ್ಲಿ ಸ್ಥಾಪಿತವಾದ ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯವು ದೇಶದಲ್ಲಿಯೇ ಮೊದಲನೆಯದು. ನಮ್ಮ ಮುಂಗಾರನ್ನೂ ನಮ್ಮ ಉಪ್ಪುಗಾಳಿಯನ್ನೂ ತಡೆಯಬಲ್ಲ, ಕೆಟ್ಟರೆ ಬಂದರಿನ ತರುಣರೇ ರಿಪೇರಿ ಮಾಡಬಲ್ಲ ಪೆಟ್ಟಿಗೆಯನ್ನು ರೂಪಿಸಿಕೊಡುವುದು ಈ ಸಂಸ್ಥೆಗಳಿಗೆ ಅಸಾಧ್ಯವಾದ ಕಾರ್ಯವಲ್ಲ.

ವೆಚ್ಚದ ಮಾತು ಬಂದೇ ಬರುತ್ತದೆ. ದೋಣಿಯೊಂದಕ್ಕೆ ಕೆಲವು ಸಾವಿರ ರೂಪಾಯಿಗಳಲ್ಲಿ ಮುಗಿಯಬಹುದಾದ ಈ ಏರ್ಪಾಡನ್ನು ಒಂದು ಔಟ್‌ಬೋರ್ಡ್ ಎಂಜಿನ್ನಿನ ಬೆಲೆಯೊಡನೆಯೋ, ಒಂದು ಪರ್ಸೀನ್ ಬಲೆಯ ಬೆಲೆಯೊಡನೆಯೋ ತೂಗಿ ನೋಡಿದರೆ ಸಾಕು. ಆದರೆ ಸರ್ಕಾರದ ಆಜ್ಞೆಗಾಗಿ ಕಾಯದೆ ಇಂದೇ ಮಾಡಬಹುದಾದ ಕೆಲಸಗಳೂ ಇವೆ. ಪ್ರತಿಯೊಬ್ಬ ಮಾಲೀಕನೂ ತನ್ನ ಎಂಜಿನ್ನಿನ, ಜಿಪಿಎಸ್‌ನ, ಫಿಶ್‌ಫೈಂಡರಿನ ಸಂಖ್ಯೆಗಳನ್ನು ಬರೆದು ಮನೆಯಲ್ಲಿಟ್ಟುಕೊಳ್ಳಲಿ, ಛಾಯಾಚಿತ್ರ ತೆಗೆದಿರಿಸಲಿ. ಕಳಚಿ ಒಯ್ಯಬಹುದಾದುದನ್ನು ನಿಷೇಧದ ಕಾಲದಲ್ಲಿ ಮನೆಗೆ ಒಯ್ಯಲಿ. ಪಕ್ಕದ ದೋಣಿಯವನ ಮೊಬೈಲ್ ಸಂಖ್ಯೆಯನ್ನು ಕೇಳಿ ತಿಳಿದುಕೊಳ್ಳಲಿ.

ನಮ್ಮ ಬಂದರುಗಳ ಸಹಕಾರಿ ಸಂಘಗಳಲ್ಲಿ ನನ್ನ ವಿಜ್ಞಾಪನೆ ಇಷ್ಟು: ಬರುವ ಜೂನ್ ತಿಂಗಳಿಗೆ ಮುನ್ನ ಒಂದು ಸಭೆಯನ್ನು ಕರೆಯಿರಿ, ಯಾಂತ್ರಿಕ ದೋಣಿಯವರನ್ನೂ ನಾಡದೋಣಿಯವರನ್ನೂ ಒಂದೇ ಚಾಪೆಯ ಮೇಲೆ ಕುಳ್ಳಿರಿಸಿರಿ, ಇಲಾಖೆಯ ಅಧಿಕಾರಿಗಳನ್ನೂ ಕರಾವಳಿ ಕಾವಲು ಪೊಲೀಸರನ್ನೂ ಆಹ್ವಾನಿಸಿರಿ, ಒಂದೇ ಒಂದು ಬಂದರಿನಲ್ಲಾದರೂ ಈ ವ್ಯವಸ್ಥೆಯನ್ನು ಒಂದು ಮಳೆಗಾಲದ ಮಟ್ಟಿಗೆ ನಡೆಸಿ ನೋಡಿರಿ. ಕಡಲಿನ ಅಪಾಯಗಳನ್ನು ಎದುರಿಸುವುದು ಮೀನುಗಾರರ ವೃತ್ತಿಧರ್ಮ. ದಡದ ಮೇಲಿನ ಕಳ್ಳನನ್ನು ಎದುರಿಸುವ ಹೊಣೆಯನ್ನೂ ಅವರೊಬ್ಬರ ಹೆಗಲಿಗೇ ಬಿಡುವುದು ಸಮಾಜಕ್ಕೆ ಶೋಭಿಸುವುದಿಲ್ಲ.